ಚೌಕಾಬಾರದ ಮಣೆಯಿಂದ ಮೊಬೈಲ್ ಆಪ್‌ವರೆಗೆ: ತಯಾರಿಕೆ, ಪರಿಷ್ಕರಣೆ ಮತ್ತು ವೆಚ್ಚದ ಲೆಕ್ಕ

ಮರದ ಮಣೆ, ಕಸೂತಿ ಹಾಸು, ಕವಡೆ, ಕಾಯಿಗಳನ್ನು ತಯಾರಿಸುವ ಅಥವಾ ಮಾರುವ ಸಣ್ಣ ಉದ್ದಿಮೆದಾರರಲ್ಲಿ ಈಚೆಗೆ ಒಂದು ವಿಚಾರ ಮೊಳೆತಿದೆ. ನಮ್ಮ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳನ್ನು ಮೊಬೈಲ್ ಆಪ್ ರೂಪದಲ್ಲಿ ಏಕೆ ತರಬಾರದು ಎಂಬುದೇ ಆ ವಿಚಾರ. ಈ ಆಸೆಗೆ ಕಾರಣವೂ ಕಣ್ಣೆದುರಿಗೇ ಇದೆ. ನವಿ ಮುಂಬಯಿಯ ಗೇಮೆಷನ್ ಸಂಸ್ಥೆಯು 2016ರಲ್ಲಿ ಬಿಡುಗಡೆ ಮಾಡಿದ ಲೂಡೋ ಕಿಂಗ್ ಎಂಬ ಆಪ್, 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ದೇಶದ ಮನೆಮನೆಯನ್ನೂ ಹೊಕ್ಕಿತು. ಪಚ್ಚೀಸಿಯ ವಂಶದ ಲೂಡೋ ಹೀಗೆ ಗೆಲ್ಲುವುದಾದರೆ ಚೌಕಾಬಾರಕ್ಕೇನು ಕೊರತೆ ಎಂದು ಕೇಳುವುದು ಸಹಜವೇ ಆಗಿದೆ.

ಪ್ರಶ್ನೆ ಸರಿಯಾದದ್ದು. ಆದರೆ ಇದನ್ನು ಕೇಳುವವರು ಬಹುಮಟ್ಟಿಗೆ ಆಪ್ ತಯಾರಿಸುವ ವೆಚ್ಚವನ್ನಷ್ಟೇ ವಿಚಾರಿಸುತ್ತಾರೆ. ಮಣೆಯನ್ನು ಮಾಡಿ, ಮಾರಿ, ಹಣ ಎಣಿಸಿಕೊಂಡರೆ ವ್ಯವಹಾರ ಮುಗಿಯಿತು. ಇಪ್ಪತ್ತು ವರ್ಷ ಕಳೆದರೂ ಅದರ ಮೇಲೆ ಆಡಬಹುದು. ಆಪ್ ಹಾಗಲ್ಲ. ಯಾರೂ ಮುಟ್ಟದೆ ಬಿಟ್ಟರೂ ಅದು ಹಳತಾಗಿ, ಅಂಗಡಿಯ ಕಪಾಟಿನಿಂದ ತಾನಾಗಿಯೇ ಮರೆಯಾಗುತ್ತದೆ. ಆದುದರಿಂದ ತಯಾರಿಕೆಯ ವೆಚ್ಚಕ್ಕಿಂತ ಪರಿಷ್ಕರಣೆಯ ವೆಚ್ಚವನ್ನು ಮೊದಲು ಲೆಕ್ಕ ಹಾಕುವುದು ವರ್ತಕನಿಗೆ ಉಚಿತ.

ಆಟ ಯಾರದು?

ವಿವರಣೆಯ ಅನುಕೂಲಕ್ಕಾಗಿ, ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಒಬ್ಬ ಮರಗೆಲಸದ ಉದ್ದಿಮೆದಾರರು ಚೌಕಾಬಾರದ ಮಣೆ ತಯಾರಿಸಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ಕೊಡುತ್ತಾರೆಂದು ಭಾವಿಸೋಣ. ಆಪ್ ಮಾಡಲು ಅವರು ಯಾರದಾದರೂ ಅನುಮತಿ ಪಡೆಯಬೇಕೆ? ಬೇಕಿಲ್ಲ. ಭಾರತದ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಂ) ಪ್ರಕಾರ ಆಟವಾಡುವ ವಿಧಾನವು ಆವಿಷ್ಕಾರವೆನಿಸುವುದಿಲ್ಲ. ಅದಕ್ಕೆ ಪೇಟೆಂಟ್ ದೊರೆಯದು. ಚೌಕಾಬಾರ ಹೇಗೂ ತಲೆಮಾರುಗಳ ಆಸ್ತಿ. ಆಟಗಳ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಪರಂಪರೆಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಮಣೆ ಆಟಗಳನ್ನು ರೂಪಿಸಿದವರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವು ಆಟಗಳಿಗೆ ಸಂಬಂಧಿಸಿದುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2007ರಲ್ಲಿ ಆರಂಭಿಸಿದ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಿಂದ ಈ ಮಣೆಗಳಿಗೆ ನಗರಗಳಲ್ಲೂ ಹೊಸ ಗ್ರಾಹಕರು ದೊರೆತರು.

ಆಟ ಯಾರ ಸ್ವತ್ತೂ ಅಲ್ಲವೆಂದ ಮಾತ್ರಕ್ಕೆ ಹೆಸರು ಹಾಗಲ್ಲ. ಕೋಲ್ಕತ್ತದ ರಜತ್ ಮತ್ತು ಜಯಂತ್ ಅಗರ್ವಾಲಾ ಸೋದರರು ಸ್ಕ್ರಾಬಲ್ ಆಟವನ್ನು ಹೋಲುವ ‘ಸ್ಕ್ರಾಬ್ಯುಲಸ್’ ಎಂಬ ಅಂತರ್ಜಾಲ ಆಟವನ್ನು ನಡೆಸಿದರು. ಅದು ಫೇಸ್‌ಬುಕ್‌ನಲ್ಲಿ ಅಪಾರ ಜನಪ್ರಿಯವಾದಾಗ ಮಟೆಲ್ ಕಂಪನಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2008ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು ಆಟದ ಫಲಕದ ಮೇಲಿನ ಕೃತಿಸ್ವಾಮ್ಯದ ವಾದವನ್ನು ಒಪ್ಪಲಿಲ್ಲ. ಆದರೆ ಹೆಸರು ನೋಂದಾಯಿತ ವ್ಯಾಪಾರ ಚಿಹ್ನೆಯನ್ನು ಹೋಲುತ್ತದೆಂದು ಅದರ ಬಳಕೆಯನ್ನು ತಡೆಯಿತು. ಸೋದರರು ಆಟವನ್ನು ‘ಲೆಕ್ಸ್ಯುಲಸ್’ ಎಂಬ ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಇದರಿಂದ ನಮ್ಮ ಉದ್ದಿಮೆದಾರರು ತಿಳಿಯಬೇಕಾದುದು ಎರಡು. ಪ್ರಸಿದ್ಧ ಹೆಸರಿಗೆ ಹತ್ತಿರದ ಹೆಸರನ್ನಿಡಬಾರದು. ಮತ್ತು ಬರೀ ‘ಚೌಕಾಬಾರ’ ಎಂದು ಹೆಸರಿಟ್ಟರೆ ಅದನ್ನು ತಮ್ಮದೆಂದು ಕಾಪಾಡಿಕೊಳ್ಳುವುದು ಕಷ್ಟ, ಏಕೆಂದರೆ ಅದು ಆಟದ ಹೆಸರು. ಜೊತೆಗೊಂದು ಸ್ವಂತ ಹೆಸರನ್ನು ಸೇರಿಸಿ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸುವುದು ಲೇಸು. 2017ರ ವ್ಯಾಪಾರ ಚಿಹ್ನೆ ನಿಯಮಗಳಲ್ಲಿ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ, ವರ್ಗವೊಂದಕ್ಕೆ 4,500 ರೂ. ಶುಲ್ಕ ಗೊತ್ತುಮಾಡಲಾಯಿತು, ಇತರರಿಗೆ ಅದು 9,000 ರೂ. ತಂತ್ರಾಂಶ 9ನೆಯ ವರ್ಗಕ್ಕೂ ಆಟದ ಸಾಮಾನು 28ನೆಯ ವರ್ಗಕ್ಕೂ ಸೇರುವುದರಿಂದ, ಮಣೆ ಮತ್ತು ಆಪ್ ಎರಡನ್ನೂ ಮಾರುವವರು ಎರಡು ಶುಲ್ಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಯಮಗಳನ್ನು ಬರೆದಿಡುವ ಕೆಲಸ

ತಂತ್ರಾಂಶ ಬರೆಯುವವರನ್ನು ಹುಡುಕುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ಅದಕ್ಕೆ ಗಣಕಯಂತ್ರ ಬೇಡ, ನೋಟುಪುಸ್ತಕ ಸಾಕು. ಆಟದ ನಿಯಮಗಳನ್ನು ಒಂದನ್ನೂ ಬಿಡದೆ ಬರೆಯಬೇಕು. ಇದು ಸುಲಭವೆಂದು ತೋರುತ್ತದೆ, ಸುಲಭವಲ್ಲ.

ಚೌಕಾಬಾರವನ್ನೇ ನೋಡೋಣ. ಐದಕ್ಕೈದು ಮನೆಗಳ ಮಣೆ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8 ಮನೆ, ನಡುವೆ ಒಂದು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೂ ನಾಲ್ಕು ಕಾಯಿ. ಹೊರಸುತ್ತಿನಲ್ಲಿ ಎಡಮುರಿಯಾಗಿ ನಡೆದ ಕಾಯಿ ಒಳಸುತ್ತಿನಲ್ಲಿ ಬಲಮುರಿಯಾಗಿ ನಡೆದು, ತನ್ನ ಮನೆಯಿಂದ ಒಟ್ಟು 24 ಹೆಜ್ಜೆ ಇಟ್ಟು ನಡುಮನೆ ಸೇರಿ ಹಣ್ಣಾಗುತ್ತದೆ. ಇಷ್ಟು ಎಲ್ಲರಿಗೂ ತಿಳಿದದ್ದು. ಮುಂದಿನದು ಊರಿಗೊಂದು ರೀತಿ. ಕಾಯಿ ಹೊರಡಲು ಚೌಕವೋ ಬಾರವೋ ಬೀಳಲೇಬೇಕೆ? ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೆ? ಹೊಡೆದವನಿಗೆ ಇನ್ನೊಂದು ಆಟ ಉಂಟೆ? ಒಂದೇ ಮನೆಯಲ್ಲಿ ಎರಡು ಕಾಯಿ ಸೇರಿದರೆ ಜೋಡಿಯಾಗಿ ನಡೆಯುತ್ತವೆಯೆ? ಮೂರು ಸಲ ಒಂದಾದ ಮೇಲೊಂದರಂತೆ ಚೌಕ-ಬಾರ ಬಿದ್ದರೆ ಆ ಆಟ ರದ್ದಾಗುತ್ತದೆಯೆ? ಕಟ್ಟೆಯ ಮೇಲೆ ಕುಳಿತು ಆಡುವಾಗ ಇಂಥ ತಕರಾರುಗಳನ್ನು ಹಿರಿಯರೊಬ್ಬರು ಬಗೆಹರಿಸುತ್ತಾರೆ. ಫೋನಿನೊಳಗೆ ಹಿರಿಯರಿಲ್ಲ, ಬರೆದಿಟ್ಟದ್ದೇ ತೀರ್ಪು.

ಈ ಐದು ಪ್ರಶ್ನೆಗಳಿಗೂ ಹೌದು-ಇಲ್ಲ ಎಂಬ ಎರಡೆರಡು ಉತ್ತರಗಳನ್ನಿಟ್ಟರೆ 32 ಬಗೆಯ ಚೌಕಾಬಾರಗಳಾಗುತ್ತವೆ. ಎಲ್ಲವನ್ನೂ ಆಯ್ಕೆಗಳಾಗಿ ಕೊಟ್ಟುಬಿಡೋಣ, ಗ್ರಾಹಕ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ತಂತ್ರಜ್ಞರು ಸಲಹೆ ಮಾಡುವುದುಂಟು. ಈ ಸಲಹೆಯನ್ನು ಒಪ್ಪಬಾರದೆಂಬುದು ಈ ಲೇಖಕನ ಅಭಿಪ್ರಾಯ. ಮೂವತ್ತೆರಡೂ ಬಗೆಗಳನ್ನು ಪ್ರತಿ ಪರಿಷ್ಕರಣೆಯಲ್ಲೂ ಪರೀಕ್ಷಿಸಬೇಕಾಗುತ್ತದೆ. ಆ ಖರ್ಚು ಪ್ರತಿವರ್ಷದ್ದು. ತಾಲ್ಲೂಕಿನಲ್ಲಿ ವಿಚಾರಿಸಿ, ಹೆಚ್ಚು ಜನ ಆಡುವ ಎರಡು ಮೂರು ಪದ್ಧತಿಗಳನ್ನು ಆರಿಸಿ, ಒಂದೊಂದಕ್ಕೂ ಹೆಸರಿಟ್ಟು, ಅಷ್ಟನ್ನೇ ಕೊಡುವುದು ಮೇಲು. ಅಳಗುಳಿಮಣೆಗೂ ಇದೇ ಮಾತು. ಏಳೇಳು ಗುಳಿಗಳ ಮಣೆ ಎಲ್ಲೆಡೆಯೂ ಒಂದೇ; ಗುಳಿಗೆ ಎಷ್ಟು ಕಾಳು, ಯಾವಾಗ ಎತ್ತಬೇಕು ಎಂಬುದು ಮನೆಮನೆಗೂ ಬೇರೆ.

ಕವಡೆಯ ಲೆಕ್ಕ

ಆಪ್‌ನ ಬಗ್ಗೆ ಗ್ರಾಹಕರಿಂದ ಬರುವ ಮೊದಲ ದೂರು ‘ಇದು ಮೋಸ ಮಾಡುತ್ತದೆ’ ಎಂಬುದೇ. ಲೂಡೋದ ದಾಳಕ್ಕೂ ಇದು ತಪ್ಪಿದ್ದಲ್ಲ. ಚೌಕಾಬಾರದಲ್ಲಿ ಈ ದೂರಿಗೆ ನಿಜವಾದ ಕಾರಣವೇ ಇರಬಹುದು. ನಾಲ್ಕು ಕವಡೆಗಳಲ್ಲಿ ಅಂಗಾತ ಬಿದ್ದವುಗಳನ್ನು ಎಣಿಸಿ ಒಂದು, ಎರಡು, ಮೂರು ಎನ್ನುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಹೀಗೆ ಬೀಳಬಹುದಾದ ಸಂಖ್ಯೆಗಳು ಐದು. ಆಟವನ್ನೇ ಕಾಣದ ತಂತ್ರಜ್ಞನು ಈ ಐದಕ್ಕೂ ಸಮಾನ ಅವಕಾಶ ಕೊಟ್ಟು ಬರೆದರೆ, ಚೌಕ ಅಥವಾ ಬಾರ ಬೀಳುವ ಸಂಭವ ಐದರಲ್ಲಿ ಎರಡು ಪಾಲಾಗುತ್ತದೆ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ನಾಲ್ಕು ಕವಡೆಗಳು ಬೀಳಬಹುದಾದ 16 ರೀತಿಗಳಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎರಡೂ ಸೇರಿ ಎಂಟರಲ್ಲಿ ಒಂದು ಪಾಲು ಮಾತ್ರ. ಎರಡು ಬೀಳುವ ರೀತಿಗಳೋ ಆರು. ಅಪರೂಪವಾಗಿರಬೇಕಾದ ಚೌಕ-ಬಾರ ಪದೇ ಪದೇ ಬಿದ್ದು ಆಟದ ಸ್ವಾರಸ್ಯವೇ ಕೆಟ್ಟುಹೋಗುತ್ತದೆ.

ನಿಜವಾದ ಕವಡೆಗಳು ಸಮನಾಗಿಯೂ ಬೀಳುವುದಿಲ್ಲ. ಒಂದು ಮಗ್ಗುಲು ಉಬ್ಬು, ಇನ್ನೊಂದು ಚಪ್ಪಟೆ. ಒಂದು ಬದಿ ಉಜ್ಜಿದ ಹುಣಸೆಬೀಜಗಳ ರೀತಿಯೇ ಬೇರೆ. ತಾವು ಮಾರುವ ಕವಡೆಗಳನ್ನೇ ಒಂದು ಸಾವಿರ ಸಲ ಎಸೆದು ಗುರುತು ಹಾಕಿಕೊಂಡರೆ ಆ ಅಂಕಿಗಳನ್ನೇ ಆಪ್‌ಗೆ ಊಡಿಸಬಹುದು. ಎರಡು ಮಧ್ಯಾಹ್ನಗಳ ಕೆಲಸ. ‘ನಮ್ಮ ಆಪ್‌ನ ಕವಡೆ ನಮ್ಮ ಮಣೆಯ ಕವಡೆಯಂತೆಯೇ ಬೀಳುತ್ತದೆ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರೆ ಅದೊಂದು ಒಳ್ಳೆಯ ಜಾಹೀರಾತೂ ಆದೀತು.

ಕನ್ನಡ ಅಕ್ಷರಗಳ ತೊಡಕು

ಆಟಗಳ ತಂತ್ರಾಂಶ ಬರೆಯಲು ಸಿದ್ಧ ಸಲಕರಣೆಗಳಿವೆ. ಬಹಳ ಬಳಕೆಯಲ್ಲಿರುವ ಯೂನಿಟಿಯಲ್ಲಿ ಸಾಮಾನ್ಯವಾಗಿ ಬಳಸುವ ಪಠ್ಯ ವ್ಯವಸ್ಥೆಯು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ‘ಅಪ್ಪ’ ಎಂಬುದು ಒಡೆದು ಕಾಣುತ್ತದೆ. ಇದಕ್ಕೆ ಸುಲಭೋಪಾಯವೆಂದು ಕೆಲವರು ಕನ್ನಡದ ಮಾತುಗಳನ್ನು ಚಿತ್ರಗಳಾಗಿ ಅಂಟಿಸಿಬಿಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಮುಂದೆ ಒಂದು ಪದ ತಿದ್ದಬೇಕಾದರೂ ಚಿತ್ರಕಾರರನ್ನು ಕರೆಯಬೇಕು. 2023ರಲ್ಲಿ ನಾಲ್ಕನೆಯ ಆವೃತ್ತಿ ಕಂಡ ಗೊಡೋ ಎಂಬ ಉಚಿತ ಸಲಕರಣೆಯಲ್ಲೂ ಗೂಗಲ್‌ನ ಫ್ಲಟರ್‌ನಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ. ಚೌಕಾಬಾರದಂಥ ಆಟಕ್ಕೆ ಇವು ಧಾರಾಳವಾಗಿ ಸಾಕು. ನುಡಿ ಅಥವಾ ಬರಹದ ಹಳೆಯ ಲಿಪಿಯಲ್ಲಿ ಬೆರಳಚ್ಚಾದ ನಿಯಮಪುಸ್ತಕವನ್ನು ಯೂನಿಕೋಡ್‌ಗೆ ಬದಲಿಸಿಯೇ ಕೊಡಬೇಕೆಂಬುದನ್ನೂ ಮರೆಯಬಾರದು.

ಕೆಡದ ಆಪ್‌ನ್ನು ಏಕೆ ತಿದ್ದಬೇಕು?

ಈಗ ಮುಖ್ಯ ವಿಷಯ. ಆಂಡ್ರಾಯ್ಡ್ ಕಾರ್ಯವ್ಯವಸ್ಥೆಯ ಹೊಸ ಆವೃತ್ತಿ ಹೆಚ್ಚು ಕಡಿಮೆ ಪ್ರತಿವರ್ಷವೂ ಬರುತ್ತದೆ. ಅದರೊಡನೆ ಗೂಗಲ್ ಪ್ಲೇ ಅಂಗಡಿಯು ಆಪ್‌ಗಳನ್ನು ಈಚಿನ ಆವೃತ್ತಿಗೆ ಹೊಂದಿಸಬೇಕೆಂದು ಗಡುವು ವಿಧಿಸುತ್ತದೆ. ಸಾಮಾನ್ಯವಾಗಿ ಆಗಸ್ಟ್ 31 ಆ ದಿನ. ಉದಾಹರಣೆಗೆ, 2025ರ ಆಗಸ್ಟ್ 31ರಿಂದ ಹೊಸ ಆಪ್‌ಗಳೂ ಪರಿಷ್ಕರಣೆಗಳೂ ಆಂಡ್ರಾಯ್ಡ್ 15ಕ್ಕೆ ಹೊಂದಿರಬೇಕೆಂದು ವಿಧಿಸಲಾಯಿತು. ತೀರ ಹಿಂದುಳಿದ ಹಳೆಯ ಆಪ್‌ಗಳು, ಅವುಗಳಿಗಿಂತ ಹೊಸ ಆಂಡ್ರಾಯ್ಡ್ ಇರುವ ಫೋನುಗಳಲ್ಲಿ ಹೊಸ ಗ್ರಾಹಕರಿಗೆ ಕಾಣುವುದೇ ಇಲ್ಲ. ಈಗಾಗಲೇ ಇಳಿಸಿಕೊಂಡವರು ಆಡುತ್ತಲೇ ಇರುತ್ತಾರಾದುದರಿಂದ ಮಾಲೀಕನಿಗೆ ಇದು ಬೇಗ ಗೊತ್ತಾಗುವುದೂ ಇಲ್ಲ. ಅಂಗಡಿಯ ಬಾಗಿಲು ತೆರೆದಿದೆಯೆಂದು ಒಳಗೆ ಕುಳಿತವನು ಭಾವಿಸಿರುತ್ತಾನೆ. ಬೀದಿಯಿಂದ ನೋಡುವವನಿಗೆ ಬಾಗಿಲು ಮುಚ್ಚಿದೆ.

ಇದಲ್ಲದೆ ನಡುನಡುವೆ ದೊಡ್ಡ ಬದಲಾವಣೆಗಳೂ ಬರುತ್ತವೆ. ಆಪಲ್ ಕಂಪನಿಯು 2017ರಲ್ಲಿ ಐಒಎಸ್ 11ರೊಡನೆ 32 ಬಿಟ್‌ನ ಹಳೆಯ ಆಪ್‌ಗಳನ್ನು ಕೈಬಿಟ್ಟಿತು. ಗೂಗಲ್ 2019ರ ಆಗಸ್ಟ್‌ನಿಂದ 64 ಬಿಟ್ ರೂಪವನ್ನು ಕಡ್ಡಾಯ ಮಾಡಿತು. 2025ರ ನವೆಂಬರ್ 1ರಿಂದ ಹೊಸ ಫೋನುಗಳ ನೆನಪಿನ ವ್ಯವಸ್ಥೆಗೆ ಸಂಬಂಧಿಸಿದ ಇನ್ನೊಂದು ಹೊಂದಾಣಿಕೆಯನ್ನು ಪ್ರಕಟಿಸಿತು. ಸಲಕರಣೆಯ ಒಡೆಯರೂ ಕರಾರು ಬದಲಿಸಬಹುದು: ಯೂನಿಟಿ ಸಂಸ್ಥೆಯು 2023ರ ಸೆಪ್ಟೆಂಬರ್‌ನಲ್ಲಿ, ಆಟ ಇಳಿಸಿಕೊಂಡ ಪ್ರತಿ ಸಲಕ್ಕೂ ಶುಲ್ಕ ವಿಧಿಸುವ ಯೋಜನೆಯನ್ನು ಹೊರಡಿಸಿ, ಪ್ರಪಂಚದಾದ್ಯಂತ ವಿರೋಧ ಬಂದ ಮೇಲೆ ಸಡಿಲಿಸಿ, 2024ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಸಣ್ಣ ಆಟಗಳಿಗೆ ಆ ಶುಲ್ಕ ತಟ್ಟುತ್ತಿರಲಿಲ್ಲವಾದರೂ, ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವರಿಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ತಂತ್ರಾಂಶ ಉದ್ದಿಮೆಯಲ್ಲಿ ತಯಾರಿಕೆಯ ವೆಚ್ಚದ ಶೇ. 15ರಿಂದ 20ರಷ್ಟನ್ನು ವರ್ಷದ ನಿರ್ವಹಣೆಗೆ ತೆಗೆದಿಡುವ ವಾಡಿಕೆ ಇದೆ. ತಯಾರಿಕೆಗೆ ಎರಡು ಲಕ್ಷ ರೂ. ಎಂದು ಇಟ್ಟುಕೊಂಡರೆ ವರ್ಷಕ್ಕೆ 40,000 ರೂ.; ಐದು ವರ್ಷದಲ್ಲಿ ಇನ್ನೊಂದು ಎರಡು ಲಕ್ಷ. ಆಪ್ ಚಿಕ್ಕದಾದಷ್ಟೂ ಈ ಲೆಕ್ಕ ನಂಬಲು ಬಾರದು, ಏಕೆಂದರೆ ಆಗಸ್ಟ್‌ನ ಗಡುವಿನ ಕೆಲಸ ಐವತ್ತು ಸಾವಿರದ ಆಪ್‌ಗೂ ಐದು ಲಕ್ಷದ ಆಪ್‌ಗೂ ಬಹುಮಟ್ಟಿಗೆ ಒಂದೇ. ಈ 40,000 ರೂಪಾಯಿ ಎಲ್ಲಿಂದ ಬರಬೇಕು? ಆಪ್‌ಗೆ 50 ರೂ. ಬೆಲೆಯಿಟ್ಟು, ಅಂಗಡಿಯ ಪಾಲು ಶೇ. 15 ಕಳೆದರೆ, ತೆರಿಗೆಯನ್ನು ಬದಿಗಿಟ್ಟು ಕೈಗೆ 42 ರೂ. 50 ಪೈಸೆ, ಪ್ರತಿವರ್ಷ 942 ಹೊಸ ಗ್ರಾಹಕರು ಬೇಕು. ಒಂದು ಮಣೆಯ ಮೇಲೆ 150 ರೂ. ಲಾಭವಿದ್ದರೆ 267 ಮಣೆಗಳು ಹೆಚ್ಚಾಗಿ ಮಾರಾಟವಾದರೂ ಅಷ್ಟೇ ಹಣ. ಮಣೆಯ ತಯಾರಕರಿಗೆ ಎರಡನೆಯದೇ ಸಾಧ್ಯವಾದ ದಾರಿ: ಆಪ್ ಉಚಿತವಾಗಿ ಆಟ ಕಲಿಸಲಿ, ಲಾಭವನ್ನು ಮಣೆ ತರಲಿ.

ಈ ಕಾರಣದಿಂದಲೇ ಮೊದಲ ಆವೃತ್ತಿಯು ಒಂದೇ ಫೋನನ್ನು ಕೈಯಿಂದ ಕೈಗೆ ಕೊಟ್ಟು ನಾಲ್ವರು ಆಡುವಂಥದಾಗಿದ್ದರೆ ಸಾಕು. ಹೊಳೆನರಸೀಪುರದವರೂ ಅಮೆರಿಕದಲ್ಲಿರುವ ಮೊಮ್ಮಗನೂ ಕೂಡಿ ಆಡುವ ಸೌಕರ್ಯ ಆಕರ್ಷಕವೇ. ಆದರೆ ಅದಕ್ಕೆ ಸದಾ ಚಾಲನೆಯಲ್ಲಿರುವ ಸರ್ವರ್ ಬೇಕು, ಅದರ ಬಾಡಿಗೆ ತಿಂಗಳು ತಿಂಗಳೂ ಕೊಡಬೇಕು. ಕವಡೆ ಎಸೆಯುವುದೂ ಫೋನಲ್ಲ, ಸರ್ವರೇ ಆಗಿರಬೇಕು, ಇಲ್ಲವಾದರೆ ಫೋನನ್ನು ತಿದ್ದಿ ಮೋಸ ಮಾಡುವವರಿರುತ್ತಾರೆ. ಒಬ್ಬರು ಪರಿಷ್ಕರಿಸಿಕೊಂಡು ಇನ್ನೊಬ್ಬರು ಹಳೆಯದನ್ನೇ ಇಟ್ಟುಕೊಂಡಾಗ ಅರ್ಧಕ್ಕೆ ನಿಂತ ಆಟ ಕೆಡದಂತೆ, ಪ್ರತಿ ಆಟವೂ ತಾನು ಯಾವ ನಿಯಮಾವಳಿಯಲ್ಲಿ ಆರಂಭವಾಯಿತೆಂಬುದನ್ನು ಗುರುತಿಟ್ಟುಕೊಳ್ಳಬೇಕು.

ಖಾತೆ ಯಾರ ಹೆಸರಿನಲ್ಲಿ?

ಹಾಸನದಲ್ಲಿ 1960ರಿಂದ ನಡೆಯುತ್ತಿರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸೇರಿದಂತೆ ಜಿಲ್ಲೆಯಲ್ಲಿ ತಾಂತ್ರಿಕ ಶಿಕ್ಷಣ ಪಡೆದ ಯುವಕ ಯುವತಿಯರಿಗೆ ಕೊರತೆಯಿಲ್ಲ. ಕೆಲಸ ಇಲ್ಲಿಯೇ ಮಾಡಿಸಬಹುದು. ಆದರೆ ಇಂದು ಕೆಲಸ ಮಾಡಿಕೊಟ್ಟ ಹುಡುಗ ನಾಳೆ ಬೆಂಗಳೂರಿಗೆ ಹೋಗುತ್ತಾನೆ. ಅಂಗಡಿಯ ಖಾತೆ ಅವನ ಹೆಸರಿನಲ್ಲಿದ್ದರೆ ಆಪ್ ಕೂಡ ಅವನೊಡನೆಯೇ ಹೋದಂತೆ. ಗೂಗಲ್‌ನ ನೋಂದಣಿಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ಪ್ರತಿವರ್ಷ 99 ಡಾಲರ್. ಇದನ್ನು ಉದ್ದಿಮೆಯ ಹೆಸರಿನಲ್ಲಿಯೇ, ಉದ್ದಿಮೆಯ ಇಮೇಲ್‌ನಿಂದಲೇ ಕಟ್ಟಬೇಕು. ಸಂಸ್ಥೆಯ ಖಾತೆಗೆ 2023ರ ಆಗಸ್ಟ್ 31ರಿಂದ ಡಿ-ಯು-ಎನ್-ಎಸ್ ಸಂಖ್ಯೆ ಬೇಕೆಂದು ಗೂಗಲ್ ವಿಧಿಸಿತು. ವ್ಯಕ್ತಿಯ ಖಾತೆಯಲ್ಲಿ ಹಣ ಗಳಿಸುವವರ ಪೂರ್ಣ ವಿಳಾಸ ಸಾರ್ವಜನಿಕರಿಗೆ ಕಾಣುತ್ತದೆ. ಮನೆಯ ವಿಳಾಸ ಕೊಡಲಿಚ್ಛಿಸದವರು ಗಮನಿಸಬೇಕು. ಮೂಲ ಸಂಕೇತಗಳ ಪ್ರತಿ, ಸಹಿ ಕೀಲಿ, ಚಿತ್ರ ಮತ್ತು ಧ್ವನಿಗಳ ಮೂಲ ಕಡತಗಳು, ಇವೆಲ್ಲವನ್ನೂ ಕೊನೆಯ ಕಂತಿನ ಹಣ ಕೊಡುವ ಮೊದಲು ಪಡೆದುಕೊಳ್ಳಬೇಕು. ಕೃತಿಸ್ವಾಮ್ಯ ಉದ್ದಿಮೆಗೆ ವರ್ಗಾವಣೆಯಾಗಿದೆಯೆಂದು ಕರಾರಿನಲ್ಲಿ ಬರೆಸದೆ ಇದ್ದರೆ, ಹೊರಗಿನವರು ಸ್ವತಂತ್ರವಾಗಿ ಬರೆದುಕೊಟ್ಟ ತಂತ್ರಾಂಶ ಸಾಮಾನ್ಯವಾಗಿ ಬರೆದವರದಾಗಿಯೇ ಉಳಿಯುತ್ತದೆ.

ಕಾನೂನಿನ ಕೆಲವು ಅಂಶಗಳು

ಪಣ ಕಟ್ಟಿ ಆಡುವ ಚೌಕಾಬಾರದ ಆಲೋಚನೆಯನ್ನು ಬಿಟ್ಟೇಬಿಡಬೇಕು. ಇಂಥ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವಿಟ್ಟು ಆಡುವ ಅಂತರ್ಜಾಲ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂ.ವರೆಗೆ ದಂಡ. ಪಣವಿಲ್ಲದ ಮನರಂಜನೆಯ ಆಟಕ್ಕೆ ಈ ನಿಷೇಧ ತಟ್ಟದು.

ಜಾಹೀರಾತಿನಿಂದ ಗಳಿಸುವ ಯೋಚನೆಯುಳ್ಳವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ನೋಡಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು ಹಂತ ಹಂತವಾಗಿ ಜಾರಿಗೆ ಬರುವಂಥವು. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕು; ಅವರ ಚಲನವಲನ ಗಮನಿಸಿ ಜಾಹೀರಾತು ತೋರಿಸುವಂತಿಲ್ಲ. ಚೌಕಾಬಾರ ಆಡುವವರಲ್ಲಿ ಮಕ್ಕಳೇ ಹೆಚ್ಚಿರುವುದರಿಂದ ಯಾವ ಮಾಹಿತಿಯನ್ನೂ ಸಂಗ್ರಹಿಸದ ಆಪ್ ನಿಶ್ಚಿಂತೆಯದು. ಮಣೆಯ ವಿಷಯಕ್ಕೆ ಬಂದರೆ, ಲೂಡೋ, ಕೇರಂ ಮುಂತಾದ ಮಣೆ ಆಟಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಯೆಂದು ಮಾರುವವರಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ಏನು ಬರೆಯುತ್ತೇವೆಂಬುದು ಇಲ್ಲಿ ಮುಖ್ಯ.

ಪರೀಕ್ಷೆ ಮತ್ತು ಕಾಲನಿರ್ಣಯ

2023ರ ನವೆಂಬರ್ 13ರ ನಂತರ ತೆರೆದ ವ್ಯಕ್ತಿಗತ ಖಾತೆಗಳವರು, ಆಪ್‌ನ್ನು ಸಾರ್ವಜನಿಕರಿಗೆ ಬಿಡುವ ಮೊದಲು ನಿಗದಿತ ಸಂಖ್ಯೆಯ ಪರೀಕ್ಷಕರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂದು ಗೂಗಲ್ ನಿಯಮ ಮಾಡಿತು. ಮೊದಲು 20 ಇದ್ದ ಈ ಸಂಖ್ಯೆ 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಯಿತು. ಸಂಸ್ಥೆಯ ಖಾತೆಗೆ ಈ ಕಟ್ಟಳೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸುವುದು ಒಳಿತು. ಇದಕ್ಕೆ ಹಣ ಕೊಟ್ಟು ಅಪರಿಚಿತರನ್ನು ಗೊತ್ತುಮಾಡುವುದು ವ್ಯರ್ಥ. ಹಳೇಕೋಟೆಯಲ್ಲಿ ನಾಲ್ವರು, ಅರಕಲಗೂಡಿನಲ್ಲಿ ನಾಲ್ವರು, ಚನ್ನರಾಯಪಟ್ಟಣದಲ್ಲಿ ನಾಲ್ವರು, ಅದರಲ್ಲಿ ಅರ್ಧದಷ್ಟಾದರೂ ಆಟ ಬಲ್ಲ ಹಿರಿಯರು, ಒಬ್ಬಿಬ್ಬರ ಕೈಯಲ್ಲಾದರೂ ಐದಾರು ವರ್ಷ ಹಳೆಯ ಅಗ್ಗದ ಫೋನು: ಇಂಥ ಹನ್ನೆರಡು ಜನ ಕಂಡುಹಿಡಿಯುವ ತಪ್ಪುಗಳನ್ನು ಬೇರಾರೂ ಹಿಡಿಯಲಾರರು.

ವರ್ಷದ ಪರಿಷ್ಕರಣೆಯ ಕೆಲಸವನ್ನು ಆಷಾಢಕ್ಕೆ ಇಟ್ಟುಕೊಳ್ಳುವುದು ಅನುಕೂಲ. ಆಗ ಅಂಗಡಿಗಳಲ್ಲಿ ವ್ಯಾಪಾರ ಮಂದವಾಗಿರುತ್ತದೆ, ಆಗಸ್ಟ್‌ನ ಗಡುವಿಗೆ ಇನ್ನೂ ಸಮಯವಿರುತ್ತದೆ. ದಸರೆಗೆ ಮಣೆಗಳು ಅಂಗಡಿ ಸೇರುವ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಕ್ಯೂಆರ್ ಗುರುತಿನಿಂದ ತೆರೆಯುವ ಆಪ್ ಹೊಸ ಫೋನುಗಳಲ್ಲೂ ನಡೆಯುತ್ತಿರುತ್ತದೆ. ಆ ಗುರುತು ನೇರವಾಗಿ ಗೂಗಲ್‌ನ ಅಂಗಡಿಗೆ ಹೋಗದೆ, ಉದ್ದಿಮೆಯ ಸ್ವಂತ ಜಾಲತಾಣದ ಪುಟಕ್ಕೆ ಹೋಗುವಂತೆ ಅಚ್ಚು ಹಾಕಿಸಬೇಕು. ಮುಂದೊಂದು ದಿನ ಆಪ್ ನಿಲ್ಲಿಸಿದರೂ, ಮಾರಿದ ಮಣೆಯೊಡನೆ ಬಂದ ಗ್ರಾಹಕನಿಗೆ ಆ ಪುಟದಲ್ಲಿ ಆಟದ ನಿಯಮಗಳಾದರೂ ಸಿಗುತ್ತವೆ.